ಕೈಲಾಸಕ್ಕೆ ಸಮಯ ಮೀರಿತಂತೆ

ನಿನ್ನೆ ಸಂಜೆ ಕೇರಳದ ಸಂಸ್ಕೃತ ರಂಗಕಲೆ ಕೂಡಿಯಾಟ್ಟಂ ನೋಡಲು ಹೋಗಿದ್ದೆ. ರಾವಣ ಪಾತ್ರಧಾರಿ ಕೈಲಾಸವನ್ನು ಬುಡದಿಂದ ಶಿಖರದವರೆಗೆ ಕಣ್ಣಿನಲ್ಲೇ ಅಳೆಯುತ್ತಿದ್ದರು, ಮಿಳಾವು ಎಂಬ ಗಡಿಗೆಯಾಕಾರದ ವಾದ್ಯದ ಪೆಟ್ಟು ಏರುತ್ತಿತ್ತು. ಅಷ್ಟರಲ್ಲಿ ಸಂಘಟಕರೊಬ್ಬರು ರಂಗದ ಬದಿಗೆ ಬಂದು ಕೈಗಡಿಯಾರ ತೋರಿಸಿದರು. ಮುಂದೆ ಸನ್ಮಾನವಿತ್ತು. ಪರ್ವತ ಎತ್ತುವುದು ಐದೇ ನಿಮಿಷದಲ್ಲಿ ಮುಗಿದುಹೋಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಈ ಅಭಿನಯಕ್ಕೆ ಹೆಸರಾಗಿದ್ದವರು ಕೇರಳದ ಮಾಣಿ ಮಾಧವ ಚಾಕ್ಯಾರ್. 1899ರಲ್ಲಿ ಹುಟ್ಟಿ 1990ರಲ್ಲಿ ತೀರಿಕೊಂಡ ಅವರು ಬಾಲ್ಯದಿಂದ ಮುಪ್ಪಿನವರೆಗೆ ಬಾಳನ್ನೆಲ್ಲ ಸಂಸ್ಕೃತ ನಾಟಕಗಳ ಈ ರಂಗಕ್ಕೇ ಕೊಟ್ಟರು. ಕಣ್ಣಿಗೆ ತುಪ್ಪ ಹಾಕಿಕೊಂಡು ರೆಪ್ಪೆ, ಹುಬ್ಬು, ಪಾಪೆಗಳನ್ನು ಬೇರೆಬೇರೆಯಾಗಿ ಪಳಗಿಸುವ ಈ ವಿದ್ಯೆಯಲ್ಲಿ ಪೂರ್ಣ ನಟನೆನಿಸಿಕೊಳ್ಳಲು 10ರಿಂದ 15 ವರ್ಷ ಬೇಕು. ಪಾತ್ರವೊಂದು ತನ್ನ ಹಿಂದಿನ ಕಥೆಯನ್ನು ನೆನೆಯುವ 'ನಿರ್ವಹಣ'ವನ್ನು ಒಬ್ಬನೇ ನಟ ಕೂತ್ತಂಬಲದ, ಅಂದರೆ ದೇವಸ್ಥಾನದೊಳಗಿನ ರಂಗಮಂದಿರದ, ದೀಪದ ಮುಂದೆ ಹಲವು ರಾತ್ರಿಗಳ ಕಾಲ ಆಡುತ್ತಿದ್ದ. ಆ ಬಿಡುವಿನಲ್ಲೇ ಕಲ್ಲು ಕಲ್ಲಾಗಿ ಬೆಟ್ಟ ಏಳುತ್ತದೆ. ಗಡಿಯಾರ ಹಿಡಿದು ನಿಂತರೆ ಬೆಟ್ಟವೂ ಇಲ್ಲ, ರಾವಣನೂ ಇಲ್ಲ.

ಚಾಕ್ಯಾರರೇ 1950ರ ದಶಕದಲ್ಲಿ ಈ ಆಟವನ್ನು ದೇವಸ್ಥಾನದ ಹೊರಗೆ ತಂದರಲ್ಲ, 1962ರಲ್ಲಿ ಮದ್ರಾಸಿನಲ್ಲಿಯೂ ಆಡಿದರಲ್ಲ, ಅಲ್ಲಿ ಅದು ಕಿರಿದಾಗಲಿಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಕಿರಿದಾಗಿರಬಹುದು. ಆದರೆ ಎಲ್ಲಿ ಬಿಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಆಟ ಬಲ್ಲವರು ಮೊದಲೇ ಕೂತು ನಿರ್ಧರಿಸುವುದು ಬೇರೆ, ಆಡುತ್ತಿರುವ ನಟನನ್ನು ನಡುವೆ ಅವಸರಪಡಿಸುವುದು ಬೇರೆ. ಇವೆರಡನ್ನೂ ಒಂದೇ ಎನ್ನುವ ವಾದವನ್ನು ನಾನು ಒಪ್ಪಲಾರೆ.

ನಾನೂ ತಪ್ಪಿತಸ್ಥನೇ. ಇಪ್ಪತ್ತು ವರ್ಷಗಳ ಹಿಂದೆ ಕೇರಳದ ಇರಿಂಞಾಲಕುಡದಲ್ಲಿ ಮೊದಲ ಬಾರಿ ಕೂಡಿಯಾಟ್ಟಂ ನೋಡುವಾಗ, ಏನೂ ನಡೆಯುತ್ತಿಲ್ಲವೆಂದು ಬಗೆದು ಅರ್ಧಕ್ಕೇ ಎದ್ದು ಬಂದಿದ್ದೆ. ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವನಿಗೆ, ಕೂಡಿ ಆಡುವ ಈ ಆಟಕ್ಕೂ ಅಷ್ಟೇ ತಾಳ್ಮೆ ಬೇಕೆಂದು ಹೊಳೆಯಲಿಲ್ಲವಲ್ಲ ಎಂಬ ನಾಚಿಕೆ ಇಂದಿಗೂ ಇದೆ.

ನಿನ್ನೆ ಕಾರ್ಯಕ್ರಮ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋಗಿ ಕ್ಷಮೆ ಕೇಳಿದೆ. ಆ ಹಿರಿಯ ನಟರು ಮುಖಕ್ಕೆ ಎಣ್ಣೆ ಸವರಿ ಹಸಿರು ಬಣ್ಣ ಒರೆಸುತ್ತ, ಬೆಟ್ಟ ಅಲುಗಿದಾಗ ಪಾರ್ವತಿ ಹೆದರಿ ಶಿವನನ್ನು ಅಪ್ಪಿಕೊಳ್ಳುವ ಭಾಗ ಉಳಿದೇಹೋಯಿತು ಎಂದಷ್ಟೇ ಹೇಳಿದರು.