ತುಳಸಿ ಯಾರ ಮನೆಯವರು?

ತುಳಸಿ ಗಬಾರ್ಡ್ ಅಮೆರಿಕದ ರಾಷ್ಟ್ರೀಯ ಗುಪ್ತಚರ ನಿರ್ದೇಶಕರಾದ ದಿನಗಳು. ಆಕ್ಲೆಂಡಿನ ನಮ್ಮ ಕಚೇರಿಯಲ್ಲಿ ಊಟದ ಹೊತ್ತಿಗೆ ಅವರ ಮಾತು ಬಂತು. ನಾನು ಕೊಂಚ ಉಬ್ಬಿಯೇ ಹೇಳಿದೆ: ಅಮೆರಿಕದ ಕಾಂಗ್ರೆಸ್ಸಿನ ಮೊದಲ ಹಿಂದೂ ಸದಸ್ಯೆ, 2013ರಲ್ಲಿ ಭಗವದ್ಗೀತೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದವರು, ನಮ್ಮವರು. ಎದುರಿಗಿದ್ದ, ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳ ಮೂಲದ ಸಹೋದ್ಯೋಗಿ ಡಬ್ಬಿಯಿಂದ ತಲೆ ಎತ್ತದೆ, "ಹುಟ್ಟಿದ್ದು ಅಮೆರಿಕನ್ ಸಮೋವಾದಲ್ಲಿ. ಅಪ್ಪನ ಕಡೆಯಿಂದ ನಮ್ಮ ರಕ್ತ" ಎಂದ. ಆಕೆಗೆ ಭಾರತದ ಬೇರಿಲ್ಲ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಚುರುಕ್ಕೆಂದಿತು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು, ಅವನು ಆಕೆಯನ್ನು ಹೊಗಳಲೂ ಇಲ್ಲ ಎಂಬುದು. ಅಷ್ಟು ದೂರದವರಿಂದ ತನಗೇನಾಗಬೇಕು ಎಂದವನೇ, ನಮ್ಮ ಬಡಾವಣೆಯ ಲೋಕಲ್ ಬೋರ್ಡಿನಲ್ಲಿ, ಅಂದರೆ ನಗರಸಭೆಯ ಕೆಳಗಿನ ಚುನಾಯಿತ ಸ್ಥಳೀಯ ಮಂಡಳಿಯಲ್ಲಿ, ಯಾರು ಯಾರಿದ್ದಾರೆ, ಯಾರು ಕೆಲಸಗಳ್ಳರು, ಯಾರ ಅಜ್ಜಿ ಯಾವ ಚರ್ಚಿನವರು ಎಂದು ಶುರುಮಾಡಿದ. ಅದೇ ಬಡಾವಣೆಯಲ್ಲಿ ವರ್ಷಗಟ್ಟಲೆಯಿಂದ ಇರುವ ನಾನು ಮೊಸರನ್ನದ ಕಡೆಗೆ ಗಮನ ಕೊಟ್ಟೆ.

ಸಮೋವಾ ಮೂಲದವರು ಇಲ್ಲಿ ಅಧಿಕಾರಕ್ಕೆ ಬಂದ ದಾರಿ ನೋಡಿದರೆ ಈ ತಿಳಿವಳಿಕೆಯ ಬೆಲೆ ಗೊತ್ತಾಗುತ್ತದೆ. ಎಫೆಸೊ ಕಾಲಿನ್ಸ್ ಹುಟ್ಟಿ ಬೆಳೆದದ್ದು ದಕ್ಷಿಣ ಆಕ್ಲೆಂಡಿನ ಒಟಾರದಲ್ಲಿ. ಆಕ್ಲೆಂಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಅಧ್ಯಕ್ಷರಾದರು, ಮುಂದೆ ಲೋಕಲ್ ಬೋರ್ಡಿಗೆ ಬಂದರು, 2016ರಲ್ಲಿ ನಗರಸಭೆಗೆ. 2022ರಲ್ಲಿ ಮೇಯರ್ ಸ್ಥಾನಕ್ಕೆ ನಿಂತು ವೇಯ್ನ್ ಬ್ರೌನ್ ಎದುರು ಸೋತರು. 2023ರಲ್ಲಿ ಸಂಸತ್ತಿಗೆ ಹೋದರು. 2024ರ ಫೆಬ್ರುವರಿಯಲ್ಲಿ, ಚೊಚ್ಚಲ ಭಾಷಣ ಮಾಡಿ ಒಂದು ವಾರವೂ ಆಗದಿರುವಾಗ, ನಗರದ ಸಹಾಯಾರ್ಥ ಕಾರ್ಯಕ್ರಮವೊಂದರಲ್ಲಿ ಕುಸಿದು ತೀರಿಕೊಂಡರು. ವಯಸ್ಸು 49. ಆ ದಿನ ನಮ್ಮ ಕಚೇರಿಯಲ್ಲಿ ಅತ್ತವರು ಒಬ್ಬ ಗಣ್ಯರಿಗಾಗಿ ಅತ್ತಂತಿರಲಿಲ್ಲ. ಬೋರ್ಡಿನ ಕಾಲದಿಂದ ಜಗಳವಾಡಿಕೊಂಡು, ಕೆಲಸ ಹೇಳಿಕೊಂಡು ಬಂದ ಮನೆಯ ಮಗನಿಗಾಗಿ ಅತ್ತಿದ್ದರು. 2023ರಲ್ಲಿ ನ್ಯೂಜಿಲೆಂಡಿನ ಉಪಪ್ರಧಾನಿಯಾದ ಕಾರ್ಮೆಲ್ ಸೆಪುಲೋನಿ ಕೂಡ ವೈಟಾರ ಎಂಬ ಸಣ್ಣ ಊರಿನ ಕಾರ್ಮಿಕ ಮನೆತನದವರು. ಸಮೋವಾ, ಟೊಂಗಾ ಎರಡೂ ಬೇರುಗಳುಳ್ಳವರು.

ನಮ್ಮ ರೀತಿ ಬೇರೆ. ಗೆದ್ದು ದೊಡ್ಡವರಾದ ಮೇಲೆ ನಮ್ಮವರು ಎನ್ನುತ್ತೇವೆ. 2022ರಲ್ಲಿ ಕೆನಡಾದ ಸಂಸತ್ತಿನಲ್ಲಿ ಶಿರಾ ಕಡೆಯ ಚಂದ್ರ ಆರ್ಯ ಕನ್ನಡದಲ್ಲಿ ಮಾತನಾಡಿದ ವಿಡಿಯೊ ನನ್ನ ಮೊಬೈಲಿಗೆ ಬಾರದ ಗುಂಪೇ ಇರಲಿಲ್ಲ. ಕಣ್ಣು ಒದ್ದೆಯಾದದ್ದು ನಿಜ. ಆದರೆ ಅದನ್ನು ಹಂಚಿದ ಕೈಗಳಿಗೆ ಇಲ್ಲಿನ ಅಂಚೆ ಮತಪತ್ರ ತುಂಬಲು ಮಾತ್ರ ಪುರುಸೊತ್ತಿಲ್ಲ. ಪೌರತ್ವ ಸಿಕ್ಕಿಲ್ಲ ಎಂಬ ನೆಪವೂ ನ್ಯೂಜಿಲೆಂಡಿನಲ್ಲಿ ನಡೆಯುವುದಿಲ್ಲ. ಕಾಯಂ ವಾಸದ ಅನುಮತಿ ಪಡೆದು, ಸತತ ಒಂದು ವರ್ಷ ಇಲ್ಲಿ ನೆಲೆಸಿದ ವಯಸ್ಕರೆಲ್ಲರಿಗೂ ಮತದ ಹಕ್ಕಿದೆ. ಪಟ್ಟಿಗೆ ಹೆಸರು ಸೇರಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ರಾಜ್ಯೋತ್ಸವಕ್ಕೆ ಇಲ್ಲಿನ ಸಂಸದರನ್ನು ಕರೆದು ಪೇಟ ತೊಡಿಸಿ, ಶಾಲು ಹೊದಿಸಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವಲ್ಲಿಗೆ ನಮ್ಮ ರಾಜಕಾರಣ ಮುಗಿಯಿತು. ಲೋಕಲ್ ಬೋರ್ಡಿಗೆ ನಮ್ಮಲ್ಲೊಬ್ಬರು ನಿಲ್ಲಬಾರದೇಕೆ ಎಂದು ಒಮ್ಮೆ ಸಭೆಯಲ್ಲಿ ಕೇಳಿದಾಗ, ಮೊದಲು ಊಟದ ಲೆಕ್ಕ ಒಪ್ಪಿಸಿ ಎಂಬ ಉತ್ತರ ಬಂತು. ಕರ್ನಾಟಕದಿಂದ ಬರುವಾಗ ಚಕ್ಕುಲಿಯ ಜೊತೆ ಈ ವೇದಿಕೆಯ ಚಟವನ್ನೂ ಕಟ್ಟಿಕೊಂಡು ಬಂದಿದ್ದೇವೆ.

ಹಾಗೆಂದು ಸಮೋವಾದವರು ರಾಜಕೀಯ ಪ್ರಜ್ಞೆಯನ್ನು ಹೊತ್ತುಕೊಂಡೇ ಹುಟ್ಟಿದವರಲ್ಲ. ಅವರನ್ನು ಅಲ್ಲಿಗೆ ನೂಕಿದ ಕಷ್ಟ ನಮಗೆ ಬಂದಿಲ್ಲ. 1970ರ ದಶಕದಲ್ಲಿ, ವೀಸಾ ಅವಧಿ ಮೀರಿದವರನ್ನು ಹುಡುಕುವ ಹೆಸರಿನಲ್ಲಿ, ಪೊಲೀಸರು ನಸುಕಿನಲ್ಲಿ ಪೆಸಿಫಿಕ್ ದ್ವೀಪದವರ ಮನೆಗಳಿಗೆ ನುಗ್ಗುತ್ತಿದ್ದರು. ಮುಂದೆ ಸಚಿವರಾದ ಔಪಿಟೊ ವಿಲಿಯಂ ಸಿಯೊ ಅವರ ಮನೆಗೂ ನುಗ್ಗಿದ್ದರು. ಅಂದಿನ ತಂದೆಯ ಅಸಹಾಯಕತೆಯನ್ನು 2021ರಲ್ಲಿ ನೆನೆಯುವಾಗ ಅವರ ದನಿ ಕಟ್ಟಿತು. ಅದೇ ವರ್ಷದ ಆಗಸ್ಟ್ 1ರಂದು ಆಕ್ಲೆಂಡ್ ಟೌನ್ ಹಾಲಿನಲ್ಲಿ ಪ್ರಧಾನಿ ಜಸಿಂಡಾ ಆರ್ಡರ್ನ್, ಸಮೋವಾದ ಸಂಪ್ರದಾಯದಂತೆ, ಹೆಣೆದ ಚಾಪೆಯ ಕೆಳಗೆ ಕೂತು ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ನಾವು ಪದವಿಯ ಕಾಗದ ಹಿಡಿದು ವಿಮಾನದಲ್ಲಿ ಬಂದವರು. ನಮ್ಮ ಬಾಗಿಲನ್ನು ಯಾರೂ ನಸುಕಿನಲ್ಲಿ ಬಡಿಯಲಿಲ್ಲ.

ಅವರ ವ್ಯವಸ್ಥೆಯನ್ನು ದೂರದಿಂದ ನೋಡಿದಷ್ಟು ಸೊಗಸು ಹತ್ತಿರದಲ್ಲಿಲ್ಲ ಎಂದೂ ಹೇಳಬೇಕು. ಮತಾಯಿ ಎಂಬ ಮನೆತನದ ಬಿರುದು ಇಲ್ಲದವರು ಸಮೋವಾದ ಸಂಸತ್ತಿಗೆ ಇಂದಿಗೂ ಸ್ಪರ್ಧಿಸುವಂತಿಲ್ಲ. 1990ರ ಜನಮತ ಸಂಗ್ರಹದವರೆಗೆ ಮತವೂ ಬಹುಮಟ್ಟಿಗೆ ಬಿರುದುಳ್ಳವರದೇ ಆಗಿತ್ತು. ಸಾವು, ಮದುವೆ, ಬಿರುದು ಪ್ರದಾನ ಎಂದು ಕುಟುಂಬಕ್ಕೆ ಕೊಡಬೇಕಾದ ಹಣ ನಮ್ಮ ಮುಯ್ಯಿಯ ಲೆಕ್ಕವನ್ನು ನಾಚಿಸುತ್ತದೆ. 1993ರಲ್ಲಿ ನ್ಯೂಜಿಲೆಂಡ್ ಸಂಸತ್ತಿಗೆ ಗೆದ್ದ ಮೊದಲ ಪೆಸಿಫಿಕ್ ಸದಸ್ಯ ಟೈಟೊ ಫಿಲಿಪ್ ಫೀಲ್ಡ್ ಸಮೋವಾದ ರಾಜಧಾನಿ ಅಪಿಯಾದಲ್ಲಿ ಹುಟ್ಟಿದವರು. ವಲಸೆ ವಿಷಯದಲ್ಲಿ ನೆರವು ಬೇಡಿ ಬಂದ ಥಾಯ್ ಕೆಲಸಗಾರರಿಂದ ತಮ್ಮ ಮನೆಗಳ ಕೆಲಸ ಮಾಡಿಸಿಕೊಂಡ ಪ್ರಕರಣದಲ್ಲಿ, 2009ರಲ್ಲಿ, ಆರು ವರ್ಷದ ಶಿಕ್ಷೆಗೆ ಒಳಗಾದರು. ನಮ್ಮವನು ಎಂಬ ಸಲಿಗೆ ಎಲ್ಲೆಲ್ಲಿಗೆ ಒಯ್ಯುತ್ತದೆ ಎಂಬುದನ್ನು ಬೆಂಗಳೂರಿನಿಂದ ಬಂದವರಿಗೆ ಯಾರೂ ವಿವರಿಸಬೇಕಿಲ್ಲ.

ಇನ್ನು ಸ್ಥಳೀಯ ಚುನಾವಣೆಯಲ್ಲಿ ಆಕ್ಲೆಂಡಿನಲ್ಲೇ ಅತಿ ಕಡಿಮೆ ಮತದಾನವಾಗುವ ಕಡೆಗಳಲ್ಲಿ ಒಟಾರ, ಮಾಂಗೆರೆಗಳೂ ಸೇರುತ್ತವೆ. ಸಮೋವಾದವರು ಹೆಚ್ಚಾಗಿರುವ ಪ್ರದೇಶಗಳೇ ಅವು. ಇದನ್ನು ಸಹೋದ್ಯೋಗಿಯ ಮುಂದಿಟ್ಟು ಸೇಡು ತೀರಿಸಿಕೊಳ್ಳಲು ನೋಡಿದೆ. ಅವನು ತಕ್ಷಣ ಒಪ್ಪಿಕೊಂಡ. ಮತ ಹಾಕದವರಲ್ಲಿ ತನ್ನ ಇಬ್ಬರು ತಮ್ಮಂದಿರೂ ಇದ್ದಾರೆ ಎಂದು ಅವರನ್ನು ಬೈಯಲು ಕೂತ.