ನಮ್ಮ ಹೊಲದ ಫೋಟೊ ಯಾವ ಲೆಕ್ಕಕ್ಕೂ ಇಲ್ಲ

ಫೈನಲ್ ಇಯರ್ ಪ್ರಾಜೆಕ್ಟ್ ವೈವಾ ಹತ್ತಿರ ಬಂದಿದೆ. ದಾವಣಗೆರೆಯ ಜೆರಾಕ್ಸ್ ಅಂಗಡಿಗಳಲ್ಲಿ ರಿಪೋರ್ಟ್ ಬೈಂಡಿಂಗ್ ಮಾಡಿಸಲು ಹುಡುಗರ ಸಾಲು. ರಿಪೋರ್ಟ್ ಕೊನೆಗೆ ಈಗ ಇನ್ನೊಂದು ಹಾಳೆಯೂ ಇರುತ್ತದೆ. ಜರ್ನಲ್‌ನಲ್ಲಿ ಸಂಶೋಧನಾ ಪೇಪರ್ ಪಬ್ಲಿಷ್ ಆಗಿದೆ ಅನ್ನೋ ಸರ್ಟಿಫಿಕೇಟ್.

ಬಿಇ ಹುಡುಗರ ಮೇಲೆ ಈ ಪೇಪರ್ ಒತ್ತಡ ಹಾಕುವುದನ್ನು ನಿಲ್ಲಿಸಬೇಕು ಅನ್ನೋದು ನನ್ನ ಅಭಿಪ್ರಾಯ. ಅವರು ಕಲೆಹಾಕಿದ ಡೇಟಾ, ಬರೆದ ಕೋಡ್ ಇವಕ್ಕೆ ಅಂಕ ಕೊಡಿ.

ನಾನು ಸಾಫ್ಟ್‌ವೇರ್ ಕೆಲಸದವನು. ಪ್ರಾಜೆಕ್ಟ್ ಪ್ರದರ್ಶನಗಳಿಗೆ ಆಗಾಗ ಜಡ್ಜ್ ಆಗಿ ಕರೆಯುತ್ತಾರೆ. ನಮ್ಮದು ಮೆಕ್ಕೆಜೋಳದ ಜಿಲ್ಲೆ, ಹಾಗಾಗಿ ಎಲೆಯ ಫೋಟೊ ನೋಡಿ ರೋಗ ಹೇಳುವ ಪ್ರಾಜೆಕ್ಟ್ ಒಂದಾದರೂ ಇದ್ದೇ ಇರುತ್ತದೆ. ಡೇಟಾ ಎಲ್ಲಿಂದ ತಂದಿರಿ ಅಂತ ಕೇಳಿದರೆ ಉತ್ತರ ಸಾಮಾನ್ಯವಾಗಿ ಒಂದೇ: ಪ್ಲಾಂಟ್‌ವಿಲೇಜ್.

ಅದು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುವ ಫೋಟೊಗಳ ಸಂಗ್ರಹ. ಅದನ್ನು ಬಳಸಿದ 2016ರ ಹೆಸರಾಂತ ಪೇಪರ್‌ನಲ್ಲಿ 14 ಬೆಳೆ, 26 ರೋಗಗಳ 54,306 ಫೋಟೊ ಇದ್ದವು. ಕಂಪ್ಯೂಟರ್ 99.35 ಶೇಕಡಾ ಸರಿ ಹೇಳಿತು. ಇಷ್ಟನ್ನು ಎಲ್ಲರೂ ತಮ್ಮ ರಿಪೋರ್ಟ್‌ಗೆ ಇಳಿಸಿಕೊಳ್ಳುತ್ತಾರೆ. ಅದೇ ಪೇಪರ್‌ನಲ್ಲಿ ಇನ್ನೊಂದು ಸಾಲಿದೆ. ಬೇರೆ ಕಡೆ, ಬೇರೆ ರೀತಿಯಲ್ಲಿ ತೆಗೆದ ಫೋಟೊ ಕೊಟ್ಟಾಗ ಅದು ಸುಮಾರು 31 ಶೇಕಡಾಕ್ಕೆ ಕುಸಿಯಿತು. ಕಾರಣ ಸರಳ. ಆ ಸಂಗ್ರಹದಲ್ಲಿ ಇರೋದು ಕಿತ್ತ ಒಂದೊಂದೇ ಎಲೆ, ಹಿಂದೆ ಖಾಲಿ ಹಿನ್ನೆಲೆ. ಹೊಲದಲ್ಲಿ ನೆರಳಿದೆ, ಕಳೆ ಇದೆ, ಎಲೆ ಮೇಲೆ ಎಲೆ ಇದೆ.

ಮೆಕ್ಕೆಜೋಳ ತಿನ್ನುವ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡಿದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ನಮ್ಮ ರೈತರ ನಿದ್ದೆ ಕೆಡಿಸಿದ ಹುಳು ಅದು. ಪ್ಲಾಂಟ್‌ವಿಲೇಜ್‌ನಲ್ಲಿ ಮೆಕ್ಕೆಜೋಳದ ಮೂರು ಎಲೆ ರೋಗಗಳಿವೆ, ಈ ಹುಳು ಇಲ್ಲ!

ಒಂದು ಪ್ರದರ್ಶನದಲ್ಲಿ ಜಗಳೂರು ಕಡೆಯ ಹುಡುಗಿ ಒಬ್ಬಳು ಅಪ್ಪನ ಹೊಲಕ್ಕೇ ಹೋಗಿ ಹುಳು ತಿಂದ ಸುಳಿಯ ಫೋಟೊ ತೆಗೆದಿದ್ದಳು. ಅವು ಲ್ಯಾಪ್‌ಟಾಪ್‌ನಲ್ಲಿದ್ದವು, ರಿಪೋರ್ಟ್‌ನಲ್ಲಿ ಇರಲಿಲ್ಲ. ಯಾಕಮ್ಮ ಅಂದೆ. "ಅವನ್ನ ಸೇರಿಸಿದ್ರೆ ಅಕ್ಯುರಸಿ ಬಿದ್ದೋಗುತ್ತೆ ಸರ್, ಪೇಪರ್ ತಗೊಳಲ್ಲ" ಅಂದಳು. ಆ ಇಡೀ ಪ್ರಾಜೆಕ್ಟ್‌ನಲ್ಲಿ ಹೊಸದು ಅಂತ ಇದ್ದದ್ದೇ ಆ ಫೋಟೊಗಳು.

ಇಂಥ ಪೇಪರ್‌ಗಳು ಸೇರುವ ಜರ್ನಲ್‌ಗಳಲ್ಲಿ ಬಹಳಷ್ಟು ದುಡ್ಡು ಕಟ್ಟಿದರೆ ಹಾಕಿಕೊಳ್ಳುವಂಥವು. ದೇಶ ಎಷ್ಟು ಪೇಪರ್ ಬರೆಯಿತು ಅನ್ನೋ ಲೆಕ್ಕಕ್ಕೆ ಅವು ಬರುವುದೂ ಇಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ತೋರಿಸುವ ಫೈಲ್‌ಗೆ ಸಾಕು, ಅಷ್ಟೇ. ಸ್ವಲ್ಪ ಚೆನ್ನಾಗಿದ್ದವು ಸ್ಕೋಪಸ್ ಅನ್ನೋ ಅಂತರರಾಷ್ಟ್ರೀಯ ಪೇಪರ್ ಪಟ್ಟಿಗೆ ಸೇರಿದ ಸಮ್ಮೇಳನಗಳಿಗೆ ಹೋಗುತ್ತವೆ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ದೇಶಗಳನ್ನು ಅಳೆಯುವುದು ಆ ಪಟ್ಟಿಯಿಂದಲೇ. 2022ರಲ್ಲಿ ನಮ್ಮದು ಸುಮಾರು 2 ಲಕ್ಷ ಪೇಪರ್. ಚೀನಾ, ಅಮೆರಿಕ ಬಿಟ್ಟರೆ ನಾವೇ, ಮೂರನೇ ಸ್ಥಾನ. ಸಂಶೋಧನೆಗೆ ನಾವು ಖರ್ಚು ಮಾಡಿದ್ದು ಮಾತ್ರ 2020-21ರಲ್ಲಿ ಜಿಡಿಪಿಯ 0.64 ಶೇಕಡಾ.

ಎಣಿಸೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಎಣಿಕೆಗೆ ಕಾಣದ್ದು ಬಹಳ ಇದೆ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಸೇರಿ, ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಖಚಿತವಾಗಿ, ಬೇಗ ಹೇಳುವ ದಾರಿ ಕಂಡುಹಿಡಿದರು. ಕಯಾಲ್, ಸಕ್ಸೇನಾ ಆಗಷ್ಟೇ ಬಿಟೆಕ್ ಮುಗಿಸಿದ ಹುಡುಗರು. 2006ರಲ್ಲಿ ಅವರಿಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಗೋಡೆಲ್ ಪ್ರಶಸ್ತಿ ಬಂತು. ದೇಶದ ಲೆಕ್ಕದಲ್ಲಿ ಅದೂ ಒಂದು ಪೇಪರ್, ಸ್ಕೋಪಸ್ ಸೇರಿದ ನಮ್ಮ 99 ಶೇಕಡಾ ಪೇಪರ್ ಕೂಡ ಒಂದು.

ಪಾಠ ಮಾಡುವ ಗೆಳೆಯರು ಇದಕ್ಕೆ ಒಪ್ಪಲ್ಲ. ಪೇಪರ್ ನೆಪದಲ್ಲಾದರೂ ಹುಡುಗರು ನಾಲ್ಕು ಸಾಲು ಬರೆಯೋದು ಕಲೀತಾರೆ ಅಂತಾರೆ. ಅವರ ಪ್ರಮೋಷನ್ ಕೂಡ ಪೇಪರ್‌ಗೇ ಗಂಟುಬಿದ್ದಿದೆ ಅನ್ನೋದು ಗೊತ್ತು, ಅವರನ್ನು ದೂರಿ ಪ್ರಯೋಜನ ಇಲ್ಲ. ಬರವಣಿಗೆ ಕಲಿಸೋದೇ ಉದ್ದೇಶ ಆದರೆ ಒಂದು ಹಳೆಯ ಪೇಪರ್ ಕೊಟ್ಟು, ಅದರಲ್ಲಿ ಹೇಳಿದ್ದು ನಮ್ಮ ಹೊಲದಲ್ಲಿ ನಡೆಯುತ್ತಾ ನೋಡಿ ಬರೆಯಿರಿ ಅನ್ನಿ. ನಡೆಯಲಿಲ್ಲ ಅಂತ ಬರೆದರೂ ಪೂರ್ತಿ ಅಂಕ ಕೊಡಿ.

ಚಂದ್ರಯಾನ-2ರ ಲ್ಯಾಂಡರ್ ಸೆನ್ಸರ್ ಪರೀಕ್ಷೆಗೆ ಇಸ್ರೋ ಇಲ್ಲೇ ಚಳ್ಳಕೆರೆ ಹತ್ತಿರ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿಸಿತ್ತು. ಸೆನ್ಸರ್ ಕೆಲಸ ಮಾಡಬೇಕಾದ ನೆಲ ಹೇಗಿರುತ್ತೋ ಅಂಥದ್ದೇ ನೆಲ ಬೇಕಿತ್ತು ಅವರಿಗೆ. ನಮ್ಮ ಹುಡುಗರಿಗೆ ಏನೂ ತೋಡಬೇಕಿಲ್ಲ. ಬಸ್ ಹತ್ತಿದರೆ ಹೊಲ ಸಿಗುತ್ತದೆ.

ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಪ್ರತಿ ಬ್ಯಾಚ್ ತೆಗೆದ ಫೋಟೊ, ಊರು, ತಾರೀಖು, ಬೆಳೆಯ ವಯಸ್ಸು ಎಲ್ಲ ಒಂದು ಕಡೆ ಇಟ್ಟು ಮುಂದಿನ ಬ್ಯಾಚ್‌ಗೆ ಬಿಡಬೇಕು. ಯಾರು ತೆಗೆದರು ಅನ್ನೋ ಹೆಸರೂ ಅಲ್ಲಿರಲಿ. ಇದು ಯಾವ ರೋಗ, ಯಾವ ಹುಳು ಅಂತ ಗುರುತಿಸಿ ಕೊಡಲು ತಿಳಿದವರು ಬೇಕು. ತರಳಬಾಳು ಕೃಷಿ ವಿಜ್ಞಾನ ಕೇಂದ್ರ ನಮ್ಮ ದಾವಣಗೆರೆಯಲ್ಲೇ ಇದೆ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಹಣ ಕೊಡುತ್ತದೆ. ಆ ಹಣದ ಜೊತೆ, ಡೇಟಾ ಎಲ್ಲರಿಗೂ ತೆರೆದಿಡಿ ಅನ್ನೋ ಒಂದು ಷರತ್ತು ಸೇರಿಸಬಹುದು ಅಲ್ವಾ? ಕಾಲೇಜಿನಲ್ಲಿ ಇರುವವರು, ಕೃಷಿ ಇಲಾಖೆಯಲ್ಲಿ ಇರುವವರು ಇದನ್ನು ಓದುತ್ತಿದ್ದರೆ ಕಾಮೆಂಟ್ ಮಾಡಿ. ಮುಂಗಾರು ಬಿತ್ತನೆಗೆ ಮುಂಚೆ ಒಮ್ಮೆ ಕೂತು ಮಾತಾಡೋಣ.