ಹಸಿರು ಚುಕ್ಕಿಗೊಂದು ತೊಟ್ಟಿಲು

2020ರ ಮಾರ್ಚ್‌ನಲ್ಲಿ ಲ್ಯಾಪ್‌ಟಾಪ್ ಬ್ಯಾಗಿಗೆ ತುರುಕಿಕೊಂಡು ದಾವಣಗೆರೆಗೆ ಬಂದವನು ನಾನು. ಇನ್ನೂ ವಿದ್ಯಾನಗರದ ಮನೆಯ ಮಹಡಿಯಲ್ಲೇ ಕೂತು ಬೆಂಗಳೂರಿನ ಕೆಲಸ ಮಾಡುತ್ತಿದ್ದೇನೆ. ಆಗ ಕಂಪನಿಯಲ್ಲಿ ಇದ್ದದ್ದು ಇಮೇಲ್ ಮತ್ತು ಒಂದು ವಾಟ್ಸಾಪ್ ಗ್ರೂಪ್. ಈಗ ಒಂಬತ್ತು ಆ್ಯಪ್. ಮಾತಾಡೋಕೆ ಒಂದು, ಮಾತಾಡಿದ್ದನ್ನು ಬರೆದಿಡೋಕೆ ಒಂದು, ಬರೆದಿಟ್ಟಿದ್ದು ಎಲ್ಲಿ ಹೋಯಿತು ಅಂತ ಹುಡುಕೋಕೆ ಇನ್ನೊಂದು. ಮೊನ್ನೆ ಹತ್ತನೆಯದೂ ಬಂತು. ಉಳಿದ ಒಂಬತ್ತರಲ್ಲಿ ನೋಟಿಫಿಕೇಶನ್ ಬಂದಿದೆ ಅಂತ ಅದು ನೋಟಿಫಿಕೇಶನ್ ಕಳಿಸುತ್ತದೆ.

ಹೋದ ವಾರ ಒಬ್ಬ ಗಿರಾಕಿಗೆ ಬಿಲ್ ಕಳಿಸಬೇಕಿತ್ತು. ಕೆಲಸ ಹಂಚುವ ಆ್ಯಪಿನ ಬೋರ್ಡಿನಲ್ಲಿ ಅದಕ್ಕೊಂದು ಕಾರ್ಡ್ ಹಾಕಿ ನಾಲ್ಕು ಜನರನ್ನು ಟ್ಯಾಗ್ ಮಾಡಿದರು, ನಾಲ್ವರೂ ಸರಿ ಅಂತ ಹೆಬ್ಬೆರಳಿನ ಚಿತ್ರ ಒತ್ತಿದೆವು. ನಾಲ್ವರ ಕೆಲಸ ಅಂದರೆ ಯಾರದ್ದೂ ಅಲ್ಲ, ಅಲ್ವಾ? ಹಿಂದೆ ಅಶೋಕ ಟಾಕೀಸ್ ರೈಲ್ವೆ ಗೇಟ್ ಬಿದ್ದಾಗ ನಿಲ್ಲುತ್ತಿದ್ದ ಆಟೋ ತರಹ ಮೂರು ದಿನ ಆ ಕಾರ್ಡು ನಿಂತಲ್ಲೇ ನಿಂತಿತ್ತು. ಗಿರಾಕಿ ಫೋನ್ ಮಾಡಿ ಉಗಿದ ಮೇಲೆ ಮೀಟಿಂಗ್ ಕರೆದರು. ಆ್ಯಪಿನ ದುಬಾರಿ ಪ್ಲಾನ್ ತಗೊಂಡರೆ ಜ್ಞಾಪಿಸುತ್ತದೆ ಅಂತ ತೀರ್ಮಾನ ಆಗುವಷ್ಟರಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಂದಿಟ್ಟ ನಮ್ಮವ್ವ, "ಇಷ್ಟ್ ಜನ ಇದೀರಿ, ಯಾರ್ ಕಳಿಸ್ತೀರಾ ಅಂತ ಒಬ್ರಾದ್ರೂ ಫೋನ್ ಮಾಡಿ ಕೇಳ್ಬಾರ್ದಾ?" ಅಂದಳು. ಮೈಕ್ ಆನ್ ಇತ್ತು. ಮ್ಯಾನೇಜರ್ ಸಾಹೇಬರಿಗೆ ಮಾತು ತುಂಬಾ ಹಿಡಿಸಿತು. ಅದಕ್ಕೂ ಒಂದು ಕಾರ್ಡ್ ಹಾಕಿ ನಾಲ್ಕು ಜನರನ್ನು ಟ್ಯಾಗ್ ಮಾಡಿದರು.

2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸಾಫ್ಟ್‌ವೇರ್‌ನವರು ಕೂತು ಅಜೈಲ್ ಅನ್ನೋ ಕೆಲಸದ ರೀತಿಗೆ ಒಂದು ಪ್ರಣಾಳಿಕೆ ಬರೆದರು. ಅದರ ಮೊದಲ ಮಾತೇ, ಪದ್ಧತಿ ಮತ್ತು ಸಲಕರಣೆಗಿಂತ ಜನ ಮತ್ತು ಅವರ ಒಡನಾಟ ಮುಖ್ಯ ಅಂತ. ನಮ್ಮ ಹೊಸ ಹುಡುಗರು ಮಾತ್ರ ಅಜೈಲ್ ಅಂದರೆ ಒಂದು ಆ್ಯಪಿನ ಹೆಸರು ಅಂದುಕೊಂಡಿದ್ದಾರೆ. ಅವರ ತಪ್ಪಲ್ಲ ಬಿಡಿ, ವರ್ಷವರ್ಷ ದುಡ್ಡು ಕಟ್ಟೋದು ನೋಡುತ್ತಿದ್ದಾರಲ್ಲ.

ಲೆಕ್ಕದ ವಿಭಾಗದ ಮೇಡಂ ಒಬ್ಬರಿದ್ದಾರೆ. ಬೆಳಿಗ್ಗೆ ಹತ್ತಕ್ಕೆ ಮೂರು ಸಾಲು ಬರೆಯುತ್ತಾರೆ: ನಿನ್ನೆ ಏನು ಮುಗೀತು, ಇವತ್ತು ಏನು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಒಂದರಿಂದ ಎರಡರವರೆಗೆ ಮಗನ ಊಟ, ಸಿಗಲ್ಲ ಅಂತ ಮೊದಲೇ ಹೇಳಿಬಿಡುತ್ತಾರೆ. ತಿಳಿಯದಿದ್ದರೆ ಸೀದಾ ಫೋನ್. ಅವರ ಕೆಲಸ ಒಂದು ದಿನ ನಿಂತದ್ದು ನಾನು ನೋಡಿಲ್ಲ. ಈ ಸಲದ ವರದಿಯಲ್ಲಿ ಅವರ ಹೆಸರಿನ ಮುಂದೆ ಕೆಂಪಕ್ಷರದಲ್ಲಿ ಬಂದದ್ದು: 'ಟೂಲ್ ಬಳಕೆ ಸಾಲದು.'

ಬಳಕೆ ಅಂದರೆ ಹರಿಹರದ ನನ್ನ ಗೆಳೆಯನದು. ಮೌಸ್ ಅಲ್ಲಾಡದಿದ್ದರೆ, ಆ್ಯಪಿನಲ್ಲಿ ಹೆಸರಿನ ಪಕ್ಕ ಕೆಲಸದಲ್ಲಿದ್ದಾನೆ ಅಂತ ತೋರಿಸುವ ಹಸಿರು ಚುಕ್ಕಿ ಹಳದಿಯಾಗುತ್ತದೆ. ಬಾಣಂತನಕ್ಕೆ ಬಂದ ತಂಗಿಯ ಮಗು ಮನೆಯಲ್ಲಿತ್ತು. ತೊಟ್ಟಿಲ ಹಗ್ಗಕ್ಕೆ ಮೌಸಿನ ವೈರ್ ಕಟ್ಟಿದ. ಅಜ್ಜಿ ಜೋಗುಳ ಹಾಡಿ ತೂಗಿದಷ್ಟು ಹೊತ್ತೂ ಇವನು ಹಸಿರು, ತಾನು ಮಾತ್ರ ಗದ್ದೆಯಲ್ಲಿ. ಈ ಸಲ ಕಂಪನಿಯ 'ಅತಿ ಹೆಚ್ಚು ಕ್ರಿಯಾಶೀಲ' ಸರ್ಟಿಫಿಕೇಟ್ ಅವನಿಗೇ ಸಿಕ್ಕಿತು. ಆದರೂ ಮುಖ ಸಪ್ಪಗಿದೆ. ತಂಗಿ ಮುಂದಿನ ವಾರ ಗಂಡನ ಮನೆಗೆ ಹೊರಟಿದ್ದಾಳಂತೆ.